ಅಗಲದ ಟೈರ್ ಹಾಕಿದರೆ ಗ್ರಿಪ್ ಜಾಸ್ತಿಯಾಗುತ್ತಾ?

"ಹಿಂದಿನ ಚಕ್ರಕ್ಕೆ ಅಗಲದ ಟೈರ್ ಹಾಕಿಸಿ, ತಿರುವಿನಲ್ಲಿ ಬೈಕ್ ನೆಲ ಕಚ್ಚಿಕೊಂಡು ಹೋಗುತ್ತೆ" ಅನ್ನೋ ಮೆಸೇಜ್ ಓಡಾಡುತ್ತಿದೆ. ಸುಮ್ನೆ ನಂಬಬೇಡಿ.

ಟೈರಿನ ಅಳತೆಯಲ್ಲಿ ಮೊದಲ ಅಂಕಿ ಅಗಲ (ಮಿ.ಮೀ.), ಎರಡನೆಯದು ಬದಿಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನೋದು, ಕೊನೆಯದು ರಿಮ್ಮಿನ ಅಡ್ಡಳತೆ (ಇಂಚು). 100/90-17 ಟೈರಿಗೆಂದು ಮಾಡಿದ ರಿಮ್ಮಿಗೆ 140/70-17 ಹಾಕಿದರೆ ಎರಡೂ ಬದಿ ಒಳಕ್ಕೆ ಒತ್ತಿಕೊಂಡು, ನಡುಭಾಗ ಉಬ್ಬುತ್ತದೆ. ನೇರ ಓಡುವಾಗ ನೆಲ ಮುಟ್ಟುವುದು ಆ ಉಬ್ಬಿದ ನಡುಪಟ್ಟಿಯೇ. ಕೆಲವು ತಿಂಗಳ ಮೇಲೆ ನೋಡಿ: ನಡುವೆ ಸವೆದಿರುತ್ತದೆ, ಅಂಚಿನಲ್ಲಿ ಹೊಸ ಟೈರಿನ ಮೇಲಿರುವ ಸಣ್ಣ ರಬ್ಬರ್ ಕೂದಲು ಹಾಗೇ ಇರುತ್ತದೆ. ಬದಿಯ ಎತ್ತರವೂ 90 ಮಿ.ಮೀ.ನಿಂದ 98ಕ್ಕೆ ಏರುತ್ತದೆ. ಚೈನಿಗೋ ಮಡ್‌ಗಾರ್ಡಿಗೋ ಉಜ್ಜಬಹುದು.

ಅದೇ ತಿರುವು, ಅದೇ ವೇಗ ಇದ್ದರೂ ಅಗಲದ ಟೈರಿನಲ್ಲಿ ಬೈಕನ್ನು ಇನ್ನೂ ಜಾಸ್ತಿ ವಾಲಿಸಬೇಕು. ಬೈಕ್ ಸೋಮಾರಿಯಾದಂತೆ ಅನಿಸುವುದು ಇದಕ್ಕೇ. ನೋಡೋಕೆ ಗತ್ತು, ಅದನ್ನು ಒಪ್ಪೋಣ. ಗ್ರಿಪ್ಪೇ ಬೇಕಿದ್ದರೆ ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆ ರಬ್ಬರಿನ ಟೈರ್ ಹಾಕಿಸಿ, ಗಾಳಿ ಸರಿಯಾಗಿ ಇಟ್ಟುಕೊಳ್ಳಿ.