ಒಂದು ಸೆಟ್ ಎಂದರೆ ಎಷ್ಟು?

ಅಡುಗೆಮನೆಯ ನಲ್ಲಿ ಸೋರುತ್ತಿದೆಯೆಂದು ಕರೆಸಿದ ಪ್ಲಂಬರ್ ಅದನ್ನು ಅತ್ತ ಇತ್ತ ತಿರುಗಿಸಿ, 'ಸೆಟ್ ಮಾಡಿದೀನಿ ಸಾರ್, ಎರಡು ದಿನ ಬಿಟ್ರೆ ಅದೇ ಸೆಟ್ ಆಗುತ್ತೆ' ಎಂದು ಹೇಳಿ, ದುಡ್ಡು ಪಡೆದು ಹೊರಟ. ಮೊದಲನೆಯ ಸೆಟ್ ಅವನ ಕೆಲಸ, ಎರಡನೆಯದು ನಲ್ಲಿಯ ಕೆಲಸ. ಸೋರುವುದರ ಹೊಣೆ ಮಾತ್ರ ಇಬ್ಬರದೂ ಅಲ್ಲ.

ಇದಕ್ಕೆ ಪ್ಲಂಬರನೊಬ್ಬನನ್ನೇ ದೂರಿ ಫಲವಿಲ್ಲ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಈ ಸೆಟ್‌ನದೇ. ಆ ಕ್ರಿಯಾಪದದ 430 ಅರ್ಥಗಳನ್ನು ಬಿಡಿಸಿ ಹೇಳಲು ಸುಮಾರು 60,000 ಪದಗಳು ಖರ್ಚಾಗಿವೆ. ಸೂರ್ಯ ಮುಳುಗಿದರೂ ಸೆಟ್, ಸಿಮೆಂಟ್ ಗಟ್ಟಿಯಾದರೂ ಸೆಟ್, ಮುರಿದ ಮೂಳೆಯನ್ನು ಕೂಡಿಸಿದರೂ ಸೆಟ್.

ಅದೆಲ್ಲ ಇರಲಿ. ನನ್ನ ತಕರಾರು ನಾಮಪದದ ಮೇಲೆ, ಅದರಲ್ಲೂ ಸೆಟ್ ದೋಸೆಯ ಮೇಲೆ. ಗುಂಪು ಎಂಬ ಅರ್ಥದ ಸೆಟ್ ಹುಟ್ಟಿನಿಂದ ಬೇರೆಯೇ ಮನೆತನದ್ದು. ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ 'ಸೆಕ್ಟಾ'ದವರೆಗೆ ಹೋಗುವ ಅದಕ್ಕೆ ಪಂಥವೆಂಬ ಅರ್ಥದ 'ಸೆಕ್ಟ್' ದಾಯಾದಿ. ಒಂದು ಪಂಥದಲ್ಲಿ ಎಷ್ಟು ಮಂದಿ ಇರಬೇಕೆಂದು ಲ್ಯಾಟಿನ್ ಹೇಳುವುದಿಲ್ಲ. ನಮ್ಮ ಬಡಾವಣೆಯ ಹೋಟೆಲಿನವರು ಇದನ್ನು ಚೆನ್ನಾಗಿ ಬಲ್ಲರು. ಅವಲಕ್ಕಿ ಸೇರಿಸಿ ರುಬ್ಬಿದ ಹಿಟ್ಟನ್ನು ಕಾವಲಿಯ ಮೇಲೆ ತೆಳುವಾಗಿ ಹರಡದೆ ಹುಯ್ದು, ಮುಚ್ಚಳ ಮುಚ್ಚಿ, ಮಗುಚದೆ ಬೇಯಿಸಿದ, ಮೈತುಂಬ ತೂತುಬಿದ್ದ ಮೆತ್ತನೆಯ ದೋಸೆಗಳು ಮೂರು ಒಂದರ ಮೇಲೊಂದು ಕೂತು ಬಂದರೆ ಅದು ಸೆಟ್: ಮೊದಲನೆಯದು ಚಟ್ನಿಗೆ, ಎರಡನೆಯದು ಸಾಗುವಿಗೆ, ಮೂರನೆಯದು ತಟ್ಟೆಯಲ್ಲಿ ಉಳಿದಿದ್ದನ್ನೆಲ್ಲ ಬಳಿದು ಮುಗಿಸುವುದಕ್ಕೆ. ಈಗ ಬರುವುದು ಎರಡೇ. ಕೇಳಿದರೆ ಮಾಣಿ, 'ಸೆಟ್ ಅಂದ್ರೆ ಜೊತೆ ಅಲ್ವಾ ಸಾರ್' ಎನ್ನುತ್ತಾನೆ. ಹಾಗಿದ್ದರೆ ಬೋರ್ಡಿನ ಮೇಲೆ ಜೋಡಿ ದೋಸೆ ಎಂದೇ ಬರೆಯಿಸಬಹುದಲ್ಲ! ಹೋಗಲಿ, ಇನ್ನೊಂದು ದೋಸೆ ಕೊಡಪ್ಪಾ ಎಂದರೆ, 'ಸಿಂಗಲ್ ಕೊಡಲ್ಲ ಸಾರ್, ಇನ್ನೊಂದು ಸೆಟ್ ತಗೊಳ್ಳಿ' ಎಂಬ ಉತ್ತರ. ಮೂರು ತಿನ್ನಬಯಸುವವನು ನಾಲ್ಕಕ್ಕೆ ದುಡ್ಡು ತೆರಬೇಕು.

ಬೇರೆ ಕಡೆ ಇಷ್ಟು ಅರಾಜಕತೆಯಿಲ್ಲ. ಪಂಪ್‌ಸೆಟ್ ಎಂದರೆ ಪಂಪೂ ಮೋಟಾರೂ ಕೂಡಿದ್ದು. ವಾಲಿಬಾಲಿನ ಸೆಟ್ 25 ಅಂಕಗಳಿಗೆ, ಐದನೆಯದಾದರೆ 15ಕ್ಕೆ. 2010ರ ವಿಂಬಲ್ಡನ್‌ನಲ್ಲಿ ಟೆನಿಸ್ ಆಟಗಾರರಾದ ಐಸ್ನರ್ ಮತ್ತು ಮಾಹು ಆಡಿದ ಐದನೆಯ ಸೆಟ್ ಒಂದೇ 8 ಗಂಟೆ 11 ನಿಮಿಷ ನಡೆದು 70-68ಕ್ಕೆ ಮುಗಿದದ್ದು ನಿಜ. ಆದರೆ 2019ರಲ್ಲಿ ವಿಂಬಲ್ಡನ್‌ನವರೂ ಕೊನೆಯ ಸೆಟ್ಟಿಗೆ ಸಮಬಲ ಮುರಿಯುವ ಟೈಬ್ರೇಕರ್ ತಂದು ಬೇಲಿ ಹಾಕಿದರು. ದೋಸೆಗೆ ಅಂಥ ಸಮಿತಿಯಿಲ್ಲ.

ಆಕ್ಸ್‌ಫರ್ಡ್‌ನವರು ನಿಘಂಟನ್ನು ಪರಿಷ್ಕರಿಸುತ್ತ ಬಂದಂತೆ, 2011ರ ಹೊತ್ತಿಗೆ 'ರನ್' ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಸೆಟ್ಟನ್ನು ಹಿಂದಿಕ್ಕಿತ್ತು. ಅದನ್ನು ಇನ್ನೂ ಯಾವ ಹೋಟೆಲಿನವರೂ ತಟ್ಟೆಗೆ ಹಾಕಿ ಮಾರುತ್ತಿಲ್ಲ.