ಸ್ಪಷ್ಟನೆ: ಜಿಪಿಎಸ್ ಗಡಿಯಾರಗಳ ಹೊಂದಾಣಿಕೆ ಐನ್‌ಸ್ಟೈನ್‌ಗೆ ವಿರುದ್ಧವಾದ ಸಾಕ್ಷಿಯಲ್ಲ

“ಜಿಪಿಎಸ್ ಗಡಿಯಾರಗಳೆಲ್ಲ ಒಂದೇ ಸಮಯ ತೋರಿಸುತ್ತವೆ. ಹಾಗಾಗಿ ಕಾಲ ಎಲ್ಲ ಕಡೆ ಒಂದೇ, ಸಾಪೇಕ್ಷತೆ ಸುಳ್ಳು” ಎಂಬ ಮಾತು ಹರಿದಾಡುತ್ತಿದೆ. (ಸಾಪೇಕ್ಷತೆ ಅಂದರೆ ವೇಗ, ಸೆಳೆತಗಳಿಗೆ ತಕ್ಕಂತೆ ಕಾಲದ ಓಟವೂ ಬದಲಾಗುತ್ತದೆ ಎನ್ನುವ ಐನ್‌ಸ್ಟೈನ್ ಸಿದ್ಧಾಂತ.) ಮೊದಲ ಮಾತು ಹೆಚ್ಚು ಕಡಿಮೆ ನಿಜ. ಎರಡನೆಯದು ತಪ್ಪು.

ಜಿಪಿಎಸ್ ಉಪಗ್ರಹಗಳಲ್ಲಿರುವ ಆ ಗಡಿಯಾರಗಳು ಸುಮ್ನೆ ಹೊಂದಿಕೊಂಡಿಲ್ಲ, ಲೆಕ್ಕ ಹಾಕಿ ಹೊಂದಿಸಿದ್ದಾರೆ. ಉಪಗ್ರಹದ ವೇಗದಿಂದ ಅದರ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ) ಹಿಂದೆ ಬೀಳುತ್ತದೆ. 20,200 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ಕಡಿಮೆ, ಅದರಿಂದ 45 ಮುಂದೆ ಓಡುತ್ತದೆ. ಕೂಡಿ ಕಳೆದರೆ 38 ಮುಂದೆ. ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿ.ಮೀ. ದಾಟಿರುತ್ತದೆ, ದೂರದ ಲೆಕ್ಕವೂ ಅಷ್ಟು ತಪ್ಪುತ್ತದೆ! ಅದಕ್ಕೇ 10.23 ಮೆಗಾಹರ್ಟ್ಜ್ (ಸೆಕೆಂಡಿಗೆ 1 ಕೋಟಿ 2.3 ಲಕ್ಷ ಮಿಡಿತ) ಇರಬೇಕಾದ ಗಡಿಯಾರವನ್ನು ನೆಲದಲ್ಲೇ 10.22999999543ಕ್ಕೆ ಇಳಿಸಿ ಕಳಿಸುತ್ತಾರೆ. ನನಗಂತೂ ಆ ಪುಟ್ಟ ಸಂಖ್ಯೆಯೇ ದೊಡ್ಡ ಸಾಕ್ಷಿ.

1977ರಲ್ಲಿ ಎನ್‌ಟಿಎಸ್-2 ಎಂಬ ಪ್ರಾಯೋಗಿಕ ಉಪಗ್ರಹ ಹಾರಿಸಿದಾಗ ಈ ತಿದ್ದುಪಡಿ ಬೇಕೋ ಬೇಡವೋ ಎಂಬ ಅನುಮಾನ ಕೆಲವರಿಗಿತ್ತು. ಸುಮಾರು 20 ದಿನ ತಿದ್ದದೆ ಬಿಟ್ಟು ನೋಡಿದರು. ಗಡಿಯಾರ ಲೆಕ್ಕ ಹೇಳಿದಷ್ಟೇ, ಶೇ. 1ರಷ್ಟು ವ್ಯತ್ಯಾಸದೊಳಗೆ, ಮುಂದೆ ಓಡಿತ್ತು.

“ಕೆಟ್ಟಿದ್ದು ಗಡಿಯಾರ, ಕಾಲವಲ್ಲ” ಎನ್ನುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಸೀಸಿಯಂ, ರುಬಿಡಿಯಂ ಎಂಬ ಬೇರೆ ಬೇರೆ ಪರಮಾಣುಗಳಿಂದ ನಡೆಯುವ ಗಡಿಯಾರಗಳೆರಡೂ ಒಂದೇ ಪ್ರಮಾಣದಲ್ಲಿ ಬದಲಾಗುತ್ತವೆ. ಕ್ಷಣಮಾತ್ರ ಇದ್ದು ಒಡೆದುಹೋಗುವ ಮ್ಯುಆನ್ ಎಂಬ ಸೂಕ್ಷ್ಮ ಕಣ, ವೇಗವಾಗಿ ಓಡುವಾಗ, ಲೆಕ್ಕದಂತೆಯೇ ಜಾಸ್ತಿ ಹೊತ್ತು ಬದುಕುತ್ತದೆ. ಅದರೊಳಗೆ ಯಾವ ಯಂತ್ರವೂ ಇಲ್ಲ ಅಲ್ವಾ?

ಇನ್ನೊಂದು ವಿಷಯ. ಸಮಭಾಜಕದ ಉದ್ದಕ್ಕೂ ಗಡಿಯಾರಗಳನ್ನಿಟ್ಟು, ಬೆಳಕಿನ ಸಂಕೇತದಿಂದ ಪಕ್ಕದ್ದಕ್ಕೆ ಪಕ್ಕದ್ದು ಹೊಂದಿಸುತ್ತಾ ಒಂದು ಸುತ್ತು ಬನ್ನಿ. ಭೂಮಿ ತಿರುಗುವುದರಿಂದ, ಹೊರಟ ಗಡಿಯಾರಕ್ಕೂ ಕೊನೆಯದಕ್ಕೂ ಸುಮಾರು 207 ನ್ಯಾನೋಸೆಕೆಂಡ್ (ಮೈಕ್ರೋಸೆಕೆಂಡಿನ ಸಾವಿರದ ಒಂದು ಭಾಗ) ಅಂತರ ಉಳಿಯುತ್ತದೆ. ಜಿಪಿಎಸ್ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಂಡಿದ್ದಾರೆ.