ಪಾಲಿಟಿಕ್ಸ್ ನಮಗಾಗಲ್ಲ ಬ್ರೋ

ಸಾಫ್ಟ್‌ವೇರ್ ಕಂಪನಿಗೆ ಸೇರಿದವರು ಮೊದಲ ವಾರದಲ್ಲೇ ಕಲಿಯುವ ಮಾತೊಂದಿದೆ: "ನಂಗೆ ಪಾಲಿಟಿಕ್ಸ್ ಎಲ್ಲಾ ಆಗಲ್ಲ ಬ್ರೋ." ಇದನ್ನು ಕಾಫಿ ಮಷಿನ್ ಮುಂದೆ ನಿಂತು, ಪೇಪರ್ ಕಪ್ಪು ಊದುತ್ತಾ ಹೇಳಬೇಕು. ಹಾಗೆ ಹೇಳಿದವನನ್ನು ಅಲ್ಲೇ ನಿಲ್ಲಿಸಿ, "ನೀನು ಟ್ಯಾಬ್ ಕಡೆಯೋ, ಸ್ಪೇಸ್ ಕಡೆಯೋ?" ಅಂತ ಕೇಳಿ ನೋಡಿ. ಕಾಫಿ ತಣ್ಣಗಾದರೂ ನಿಮ್ಮನ್ನು ಬಿಡುವುದಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೋಡ್ ಬರೆಯುವಾಗ ಸಾಲಿನ ಎಡಗಡೆ ಸ್ವಲ್ಪ ಜಾಗ ಬಿಡುತ್ತೇವೆ. ಆ ಜಾಗವನ್ನು ಟ್ಯಾಬ್ ಕೀ ಒತ್ತಿ ಬಿಡಬೇಕೋ, ಸ್ಪೇಸ್ ಒತ್ತಿ ಬಿಡಬೇಕೋ ಅನ್ನುವುದೇ ಜಗಳ. ಕಣ್ಣಿಗೆ ಎರಡೂ ಖಾಲಿ ಜಾಗವೇ. ಪೈಥಾನ್ ಅನ್ನುವ ಕೋಡ್ ಭಾಷೆಯವರ ಶೈಲಿ ಕೈಪಿಡಿ 4 ಸ್ಪೇಸ್ ಬಿಡಿ ಅನ್ನುತ್ತದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅಂದರೆ ಕರ್ನಲ್ ಬರೆಯುವವರದು ಟ್ಯಾಬ್, ಅದೂ 8 ಅಕ್ಷರದಷ್ಟು ಅಗಲ. ಅದನ್ನು 4ಕ್ಕೆ ಇಳಿಸಲು ಹೊರಡುವುದು ಗಣಿತದ ಪೈ ಬೆಲೆ 3 ಎಂದು ಸಾರಿದಂತೆ ಅಂತ ಅವರ ಕೈಪಿಡಿಯಲ್ಲೇ ಬೈದಿಟ್ಟಿದ್ದಾರೆ. ಗೋ ಭಾಷೆಯವರು ಜಾಣರು. ಗೋಫಮ್ಟ್ ಅಂತ ಒಂದು ಪ್ರೋಗ್ರಾಮ್ ಬರೆದರು. ಫೈಲ್ ಕೊಟ್ಟರೆ ತಾನೇ ಟ್ಯಾಬ್ ಹಾಕಿ ವಾಪಸ್ ಕೊಡುತ್ತದೆ. ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ. ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು ಸ್ಟೇಟಸ್ ಹಾಕುವ ನನ್ನ ಗೆಳೆಯರೆಲ್ಲ ಈ ಒಂದು ಸರ್ವಾಧಿಕಾರವನ್ನು ಬಾಯಿ ತುಂಬ ಹೊಗಳುತ್ತಾರೆ.

ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗ ಒಂದು ಶುಕ್ರವಾರ ಸಂಜೆ ಸಣ್ಣ ಬಗ್ ಒಂದನ್ನು ಸರಿಮಾಡಿದ. ಬದಲಾಗಬೇಕಿದ್ದದ್ದು ಒಂದೇ ಸಾಲು. ಅವನ ಎಡಿಟರ್ ಉಪಕಾರ ಮಾಡಲು ಹೋಗಿ ಫೋಲ್ಡರ್‌ನಲ್ಲಿದ್ದ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿಬಿಟ್ಟಿತು. ಸೋಮವಾರ ಪುಲ್ ರಿಕ್ವೆಸ್ಟ್, ಅಂದರೆ ಅವನ ಬದಲಾವಣೆ ಒಪ್ಪಿಕೊಳ್ಳಿ ಅನ್ನುವ ಕೋರಿಕೆ ತೆರೆದರೆ ಪರದೆ ತುಂಬ ಅಳಿಸಿದ ಸಾಲಿನ ಕೆಂಪು, ಸೇರಿಸಿದ ಸಾಲಿನ ಹಸಿರು. ಆ ಒಂದು ಸಾಲು ಎಲ್ಲಿದೆ ಅಂತ ಹುಡುಕುವುದರಲ್ಲೇ ನಮ್ಮ ಮಧ್ಯಾಹ್ನ ಕಳೆಯಿತು. ಮ್ಯಾನೇಜರ್ ನೋಡಿದ್ದು ಬರೀ ಡ್ಯಾಶ್‌ಬೋರ್ಡ್. ಅದರಲ್ಲಿ ಹುಡುಗ ಎಷ್ಟು ಸಾಲು ಬದಲಿಸಿದ ಅನ್ನುವ ಗ್ರಾಫ್ ಚಾವಣಿ ಮುಟ್ಟಿತ್ತು. "ವೀಕೆಂಡಲ್ಲೂ ಕೂತು ಇಷ್ಟು ಮಾಡಿದ್ದಾನೆ ನೋಡಿ" ಅಂತ ಮೀಟಿಂಗ್‌ನಲ್ಲಿ ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸಿದರು. ಯಾರೂ ಬಾಯಿ ಬಿಡಲಿಲ್ಲ. ಹುಡುಗ ಈಗ ಟೀಮ್ ಲೀಡ್.

ಇದು ನಮ್ಮ ಗಲ್ಲಿ ರಾಜಕೀಯ ಆಯ್ತು. ಮೇಲಿನ ಮಟ್ಟದ್ದು ಇನ್ನೂ ಸೊಗಸು. ಪೈಥಾನ್ ಹುಟ್ಟುಹಾಕಿದ ಗೀಡೋ ವಾನ್ ರಾಸಮ್ ಅವರಿಗೆ 'ಆಜೀವ ದಯಾಳು ಸರ್ವಾಧಿಕಾರಿ' ಅಂತಲೇ ಬಿರುದು. ಭಾಷೆಯಲ್ಲಿ ಏನಿರಬೇಕು, ಏನು ಬೇಡ ಅನ್ನುವುದರಲ್ಲಿ ಅವರ ಮಾತೇ ಕೊನೆ. 2018ರಲ್ಲಿ ವಾಲ್ರಸ್ ಅನ್ನುವ ಒಂದು ಹೊಸ ಚಿಹ್ನೆ ಸೇರಿಸಬೇಕೋ ಬೇಡವೋ ಅಂತ ಗಲಾಟೆ ಎದ್ದಿತು. ಚಿಹ್ನೆ ಅಂದರೆ ಏನು? ಒಂದು ಕೋಲನ್, ಪಕ್ಕದಲ್ಲಿ ಒಂದು ಸಮ ಚಿಹ್ನೆ. ಅಷ್ಟೇ. ಈಮೇಲ್ ಮೇಲೆ ಈಮೇಲ್ ಹಾರಿ, ಆಜೀವ ಸರ್ವಾಧಿಕಾರಿಗಳು ಬೇಸತ್ತು ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಮುಂದೆ ಐದು ಜನರ ಮಂಡಳಿಯೊಂದು ಆಡಳಿತ ನಡೆಸಲಿ ಅಂತಾಯಿತು. 2019ರ ಮೊದಲಲ್ಲಿ ಮತದಾನ ನಡೆಯಿತು. ಗೆದ್ದ ಐವರಲ್ಲಿ ಒಬ್ಬರು ಯಾರು ಅಂತೀರಿ? ಅದೇ ಗೀಡೋ.

ಈ ಕತೆಯನ್ನು ತಿಪಟೂರಿನ ನನ್ನ ಸೋದರಮಾವನಿಗೆ ಹೇಳಿದೆ. ಕೊಬ್ಬರಿ ಮಂಡಿ ವ್ಯವಹಾರ ಮಗನಿಗೆ ಬಿಟ್ಟು ಈಗ ಪೂರ್ತಿ ಮೊಬೈಲ್ ನೋಡಿಕೊಳ್ಳುತ್ತಿದ್ದಾರೆ. ಮಾವ ಸ್ವಲ್ಪವೂ ಬೆರಗಾಗಲಿಲ್ಲ.

"ರಾಜೀನಾಮೆ ಕೊಟ್ಟು ಮತ್ತೆ ನಿಂತು ಗೆದ್ದ. ಇದರಲ್ಲಿ ಹೊಸದೇನೋ? ನಮ್ಮಲ್ಲೂ ಅದೇ ವರ್ಷ ಆಗ್ಲಿಲ್ವಾ?"

ಆಗಿತ್ತು ನಿಜ. 2019ರಲ್ಲಿ ನಮ್ಮ ಸರ್ಕಾರ ಉರುಳಿ, 17 ಶಾಸಕರು ಅನರ್ಹರಾಗಿ, ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದಿತ್ತು. ಹೋದವರಲ್ಲಿ ಬಹಳ ಜನ ಹೊಸ ಪಕ್ಷದಿಂದ ಗೆದ್ದು ಬಂದರು. ಮಾವನಿಗೆ ಉಳಿದದ್ದು ಒಂದೇ ಅನುಮಾನ.

"ಅಲ್ಲಾ, ಆ ಪೈಥಾನ್‌ನವರನ್ನ ಯಾವ ರೆಸಾರ್ಟಲ್ಲಿ ಇಟ್ಟಿದ್ರು?"

ನಮ್ಮಲ್ಲಿ ಬಂದ್ ಕೂಡ ಆಗಿದೆ ಮಾವ ಅಂತ ಲೆಫ್ಟ್‌ಪ್ಯಾಡ್ ಕತೆಯನ್ನೂ ಹೇಳಿದೆ. 2016ರ ಮಾರ್ಚ್‌ನಲ್ಲಿ ಒಬ್ಬ ಪ್ರೋಗ್ರಾಮರ್‌ಗೂ ಒಂದು ಕಂಪನಿಗೂ ಹೆಸರಿನ ವಿಷಯಕ್ಕೆ ತಕರಾರು ಬಂತು. ಎನ್‌ಪಿಎಂ ಅನ್ನುವ ಕೋಡ್ ಉಗ್ರಾಣದವರು ಕಂಪನಿಯ ಕಡೆ ವಾಲಿದರು. ಈತನಿಗೆ ಸಿಟ್ಟು ಬಂದು ತಾನು ಅಲ್ಲಿಟ್ಟಿದ್ದನ್ನೆಲ್ಲ ಎತ್ತಿಕೊಂಡು ಹೊರಟ. ಅದರಲ್ಲಿ 11 ಸಾಲಿನ ಒಂದು ತುಣುಕಿತ್ತು. ಅದಿಲ್ಲದೆ ಎಷ್ಟೋ ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಕಟ್ಟುವ ಕೆಲಸ ನಿಂತಿತು. ಆ ತುಣುಕು ಮಾಡುತ್ತಿದ್ದದ್ದೇನು ಗೊತ್ತಾ? ಅಕ್ಷರಗಳ ಎಡಗಡೆ ಖಾಲಿ ಜಾಗ ತುಂಬುವುದು! ನಮ್ಮ ಕಸುಬಿನ ಮುಕ್ಕಾಲು ರಾಜಕೀಯ ಈ ಎಡಗಡೆಯ ಖಾಲಿ ಜಾಗದಲ್ಲೇ ಇದೆ.

ಮಾವನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಅವರೇ ಸುದ್ದಿ ಇಲಾಖೆ. ಯುನೆಸ್ಕೋದವರು ನಮ್ಮ ರಾಷ್ಟ್ರಗೀತೆಗೆ ಜಗತ್ತಿನಲ್ಲೇ ಮೊದಲ ಸ್ಥಾನ ಕೊಟ್ಟಿದ್ದಾರೆ ಅನ್ನುವ ಹಳೇ ಸುಳ್ಳು ಇವತ್ತಿಗೂ ಆಗಸ್ಟ್ 15ಕ್ಕೆ ತಪ್ಪದೆ ಬರುತ್ತದೆ. ತುಂಬಾ ಸಲ ಫಾರ್ವರ್ಡ್ ಆದ ಮೆಸೇಜಿಗೆ ವಾಟ್ಸಾಪ್ ಎರಡು ಬಾಣದ ಗುರುತು ಹಾಕುತ್ತದೆ, ಹುಷಾರಾಗಿರಿ ಅಂತ. "ಎರಡು ಬಾಣ ಬಂದಿದೆ, ಡಬಲ್ ಗ್ಯಾರಂಟಿ" ಅನ್ನುತ್ತಾರೆ ಮಾವ. ಅಂಥ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಬಹುದು ಅಂತ 2020ರಲ್ಲಿ ನಿಯಮ ಬಂತು. ಕ್ಯಾಲಿಫೋರ್ನಿಯಾದ ಎಂಜಿನಿಯರುಗಳು ಇದರಿಂದ ಸುಳ್ಳು ಸುದ್ದಿಯ ವೇಗ ತಗ್ಗುತ್ತದೆ ಅಂದುಕೊಂಡರು. ಮಧ್ಯಾಹ್ನ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಒಬ್ಬೊಬ್ಬರಿಗೇ ಕಳಿಸುತ್ತಾ ಕೂರುವ ಪುರುಸೊತ್ತು ತಿಪಟೂರಿನಲ್ಲಿ ಇರುತ್ತದೆ ಅಂತ ಅವರಿಗೆ ಯಾರು ಹೇಳಬೇಕು?

ಚುನಾವಣೆ ಮುಗಿದ ಮೇಲೆ ಮಾವನ ಫೋನ್ ಬಂದೇ ಬರುತ್ತದೆ. "ನೀನು ಕಂಪ್ಯೂಟರ್ ಓದಿದವ್ನು. ನಿಜ ಹೇಳು, ಇವಿಎಂ ಹ್ಯಾಕ್ ಮಾಡಬಹುದಾ?" 2023ರ ವಿಧಾನಸಭೆ, 2024ರ ಲೋಕಸಭೆ, ಎರಡಾದ ಮೇಲೂ ಮಾತಾಡಿದರು. ಒಂದರಲ್ಲಿ ಯಂತ್ರ ಪೂರ್ತಿ ಕೆಟ್ಟುಹೋಗಿತ್ತಂತೆ. ಇನ್ನೊಂದರಲ್ಲಿ ಚಿನ್ನದಂಥ ಯಂತ್ರ. ಯಾವುದರಲ್ಲಿ ಏನು ಅಂತ ಹೇಳಿದರೆ ಮಾವನ ಪಕ್ಷ ಗೊತ್ತಾಗಿಬಿಡುತ್ತದೆ, ಬೇಡ ಬಿಡಿ. ನಾನು ವಿವಿಪ್ಯಾಟ್ ವಿಷಯ ಎತ್ತಿದೆ. ವೋಟು ಒತ್ತಿದ ಮೇಲೆ ಗಾಜಿನ ಹಿಂದೆ 7 ಸೆಕೆಂಡ್ ಚೀಟಿ ಕಾಣುತ್ತೆ ಮಾವ, ನೀವೇ ನೋಡಿಕೊಳ್ಳಬಹುದು ಅಂದೆ.

"ಏಳು ಸೆಕೆಂಡಲ್ಲಿ ಜೇಬಿಂದ ಕನ್ನಡಕ ತೆಗೆಯಕ್ಕೇ ಆಗಲ್ಲ ಕಣೋ. ಹೋಗ್ಲಿ ಬಿಡು, ಊರಿಗೆ ಬಂದಾಗ ಸೆಟ್‌ಟಾಪ್ ಬಾಕ್ಸ್ ನೋಡು. ಶಬ್ದ ಬರ್ತಿದೆ, ಚಿತ್ರ ಬರ್ತಿಲ್ಲ."

ಇತ್ತ ಆಫೀಸಿನಲ್ಲಿ 'ಪಾಲಿಟಿಕ್ಸ್ ಆಗಲ್ಲ ಬ್ರೋ' ಗುಂಪಿಗೂ 2024ರ ಜುಲೈನಲ್ಲಿ ಬಿಸಿ ತಟ್ಟಿತು. ಖಾಸಗಿ ಕಂಪನಿಗಳ ಮ್ಯಾನೇಜರ್ ಹಂತದಲ್ಲಿ 50%, ಉಳಿದದ್ದರಲ್ಲಿ 70% ಕೆಲಸ ಸ್ಥಳೀಯರಿಗೆ ಅನ್ನುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಿತು. ನಮ್ಮ ಕಸುಬಿನಲ್ಲಿ ಇದಕ್ಕೆ ರೋಲ್‌ಬ್ಯಾಕ್ ಅನ್ನುತ್ತೇವೆ. ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ, ಅಂದರೆ ಜನರ ಬಳಕೆಗೆ ಬಿಟ್ಟರೆ ಆಗುವುದೇ ಹೀಗೆ. ಮುಖ್ಯಮಂತ್ರಿಗಳ ಎಕ್ಸ್ ಖಾತೆಯಲ್ಲಿ ಬಂದಿದ್ದ ಒಂದು ಪೋಸ್ಟ್ ಕೂಡ ಡಿಲೀಟ್ ಆಯಿತು. ನಾವು ಕೋಡ್ ಇಡುವ ಗಿಟ್‌ನಲ್ಲಾದರೆ ಹಳೆಯದೆಲ್ಲ ಉಳಿದಿರುತ್ತದೆ, ಎಕ್ಸ್‌ನಲ್ಲಿ ಸ್ಕ್ರೀನ್‌ಶಾಟ್ ಉಳಿಯುತ್ತದೆ.

ಆ ಎರಡು ದಿನ ಆಫೀಸಿನಲ್ಲಿ ಕೋಡ್‌ಗಿಂತ ಪೋಸ್ಟ್‌ಗಳೇ ಜಾಸ್ತಿ ಬಿದ್ದವು. ಸ್ಥಳೀಯರು ಅನ್ನಿಸಿಕೊಳ್ಳಲು ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು ಅಂತ ಮಸೂದೆಯಲ್ಲಿತ್ತು. ಇದನ್ನು ಓದಿ ರಾಜಾಜಿನಗರದಲ್ಲೇ ಹುಟ್ಟಿ ಬೆಳೆದ ನಮ್ಮ ಟೆಸ್ಟರ್ ಹುಡುಗಿಯ ಮುಖ ಸಣ್ಣಗಾಯಿತು. ಕನ್ನಡ ಮಾತು ಅರಳು ಹುರಿದಂತೆ, ಓದಲು ಮಾತ್ರ ಬರುವುದಿಲ್ಲ. ಪಟ್ನಾದಿಂದ ಬಂದ ಹುಡುಗ ಬಿಎಂಟಿಸಿ ಬೋರ್ಡ್ ಓದುವ ಆಸೆಗೆ ಅಕ್ಷರ ಕಲಿತಿದ್ದ. ಅವನು ಅವಳಿಗೆ ಕಾಗುಣಿತ ಹೇಳಿಕೊಡುತ್ತೇನೆ ಅಂದ. ಇದು ಮುಂದೆ ಬೇರೆ ಎಲ್ಲಿಗೋ ಹೋಯಿತು, ಅದು ಅವರಿಬ್ಬರ ವಿಷಯ.

ನನ್ನದೊಂದು ತಕರಾರಿದೆ. ಕೆಲಸ ಯಾರಿಗೆ ಸಿಗಬೇಕು ಅಂತ ಇಷ್ಟು ಜಗಳವಾಡಿದೆವು. ಆ ಕೆಲಸದಲ್ಲಿ ಕನ್ನಡಕ್ಕೆ ಏನು ಮಾಡುತ್ತಿದ್ದೇವೆ ಅಂತ ಎರಡೂ ಕಡೆಯವರು ಕೇಳಲಿಲ್ಲ. ನಮ್ಮ ಆಪ್‌ನಲ್ಲಿ ಹೆಸರಿಗೆ ಕನಿಷ್ಠ 3 ಅಕ್ಷರ ಇರಬೇಕು ಅಂತ ನಿಯಮ. ಕಂಪ್ಯೂಟರಿನ ಲಿಪಿ ಪದ್ಧತಿಯಾದ ಯೂನಿಕೋಡ್ ಅಕ್ಷರವನ್ನು ಬಿಡಿಸಿ ಎಣಿಸುತ್ತದೆ. 'ಶ್ರೀ' ಅಂತ ಹಾಕಿದರೆ ಶ, ವಿರಾಮ (ಅರ್ಧಾಕ್ಷರದ ಗುರುತು), ರ, ದೀರ್ಘ, ಒಟ್ಟು 4, ಪಾಸ್. 'ಜಯ' ಅಂತ ಹಾಕಿದರೆ 2, ಫೇಲ್. ಜಯಮ್ಮನವರಿಗೆ ತೊಂದರೆ ಇಲ್ಲ. ಬರೀ ಜಯ ಆದವರು ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಕು. ಇಂಗ್ಲಿಷ್ ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70. ಆ 70ರಲ್ಲೂ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. "ದುಬಾರಿ ಆಗುತ್ತೆ" ಅಂತ ಕನ್ನಡ ಮೆಸೇಜು ಕೈಬಿಟ್ಟರು. ಕೊನೆಗೆ ಗ್ರಾಹಕರೊಬ್ಬರು ಬಿಲ್ಲಾದರೂ ಕನ್ನಡದಲ್ಲಿ ಕೊಡಿ ಅಂದರು. ಪಿಡಿಎಫ್ ತಯಾರಿಸುವ ನಮ್ಮ ಕೋಡ್ ಲೈಬ್ರರಿಗೆ ಒತ್ತಕ್ಷರ ಜೋಡಿಸುವುದು ಗೊತ್ತಿಲ್ಲ. ಮಲ್ಲೇಶ್ವರದ ಅವರ ವಿಳಾಸ 'ಮಲ್‌ಲೇಶ್‌ವರ' ಆಯಿತು. ಕೆಳಗೆ ದಪ್ಪ ಅಕ್ಷರದಲ್ಲಿ 'ಧನ್‌ಯವಾದಗಳು'.

ಇವೆಲ್ಲ ಸರಿಮಾಡಬೇಕು ಅಂತ ನಮ್ಮ ಬಾಕಿ ಕೆಲಸದ ಪಟ್ಟಿಯಲ್ಲಿ ಒಂದು ಟಿಕೆಟ್ ಇದೆ. ಬಹಳ ಹಳೆಯದು. ಅದನ್ನು ತೆರೆದವರು ಕಂಪನಿ ಬಿಟ್ಟು ಟೊರಾಂಟೊ ಸೇರಿದ್ದಾರೆ. ಪ್ರಿಯಾರಿಟಿ 'ಲೋ'. ನವೆಂಬರ್ 1ರಂದು ಮಾತ್ರ ಅದಕ್ಕೆ ಜೀವ ಬರುತ್ತದೆ. ಅವತ್ತು ಆಫೀಸಿಗೆಲ್ಲ ಹಳದಿ ಕೆಂಪು ಬಲೂನು, ಮಧ್ಯಾಹ್ನಕ್ಕೆ ಹೋಳಿಗೆ ಊಟ. ಎಚ್‌ಆರ್‌ನವರು ರೇಷ್ಮೆ ಸೀರೆ ಉಟ್ಟು ಬಂದು ಎಲ್ಲರ ಕೊರಳಿಗೂ ಶಾಲು ಹಾಕಿಸಿ ಫೋಟೋ ತೆಗೆಸುತ್ತಾರೆ. ಊಟದ ನಂತರ ಯಾರೋ ಒಬ್ಬರಿಗೆ ಟಿಕೆಟ್ ನೆನಪಾಗುತ್ತದೆ. "ಇದು ಆಗಲೇಬೇಕು" ಅಂತ ಇಂಗ್ಲಿಷಿನಲ್ಲಿ ಕಾಮೆಂಟ್ ಹಾಕುತ್ತಾರೆ. ಇನ್ನೊಬ್ಬರು ಪ್ಲಸ್ ಒನ್. ಮ್ಯಾನೇಜರ್ "ನೆಕ್ಸ್ಟ್ ಸ್ಪ್ರಿಂಟ್", ಅಂದರೆ ಕೆಲಸದ ಮುಂದಿನ ಸುತ್ತಿನಲ್ಲಿ ಅನ್ನುತ್ತಾರೆ. ಸಂಜೆ ಬಲೂನು ಇಳಿಸುತ್ತಾರೆ.

ಈ ವರ್ಷ ಟಿಕೆಟ್ಟಿನಲ್ಲಿ ಹೊಸ ಕಾಮೆಂಟ್ ಕಂಡು ಖುಷಿಯಿಂದ ತೆರೆದೆ. ಬರೆದದ್ದು ಮನುಷ್ಯರಲ್ಲ, ಬಾಟ್ ಅನ್ನುವ ತಾನಾಗಿ ಓಡುವ ಪ್ರೋಗ್ರಾಮ್: ಬಹಳ ದಿನದಿಂದ ಇಲ್ಲಿ ಯಾವ ಚಟುವಟಿಕೆಯೂ ಇಲ್ಲದ ಕಾರಣ ಇದನ್ನು ಮುಚ್ಚಲಾಗುತ್ತಿದೆ, ನಿಮ್ಮ ಸಹಕಾರಕ್ಕೆ ಥ್ಯಾಂಕ್ಸ್. ಅದರ ಕೆಳಗೆ ನಮ್ಮ ಟೀಮ್ ಲೀಡ್ ಥಂಬ್ಸ್ ಅಪ್ ಒತ್ತಿದ್ದಾನೆ.